ಮುಸ್ತಫಾನ ಪಕ್ಕದಲ್ಲಿ ನಿಂತವರು

1993ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ಹೊರತಂದ ಆಟದ ಹೆಸರು 'ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್'. ಭಾರತದ ವಿಡಿಯೋ ಗೇಮ್ ಪಾರ್ಲರುಗಳಲ್ಲಿ ಆ ಉದ್ದನೆಯ ಹೆಸರು ನಿಲ್ಲಲಿಲ್ಲ. ಆಟದ ನಾಲ್ವರು ನಾಯಕರಲ್ಲಿ ಹಳದಿ ಟೋಪಿಯ ಒಬ್ಬನಿದ್ದ, ಎಲ್ಲರಿಗಿಂತ ಚುರುಕು. ಅವನು ಮುಸ್ತಫಾ ಕೈರೋ. ಆಟಕ್ಕೇ ಅವನ ಹೆಸರು ಅಂಟಿಕೊಂಡಿತು. ಅದು ಅಮೆರಿಕದ ಮಾರ್ಕ್ ಶುಲ್ಟ್ಸ್ ಬರೆದ ಚಿತ್ರಕಥೆಯಿಂದ ಬಂದದ್ದೆಂದು ಇಲ್ಲಿ ಯಾರೂ ವಿಚಾರಿಸಲಿಲ್ಲ, ವಿಚಾರಿಸುವ ಅಗತ್ಯವೂ ಇರಲಿಲ್ಲ.

ಈ ಜಾತಿಯ ಆಟಗಳ ಕಟ್ಟು ಸರಳ. ಎಡದಿಂದ ಬಲಕ್ಕೆ ನಡೆಯಬೇಕು, ಎದುರಾದವರನ್ನು ಬಡಿಯಬೇಕು, ಕೊನೆಗೊಬ್ಬ ದೈತ್ಯನನ್ನು ಕೆಡವಬೇಕು. ಕಥೆ ಕೇಳಿದವರಿಗೆ ಇದರಲ್ಲಿ ಏನಿದೆ ಅನ್ನಿಸುವುದು ಸಹಜ. ಇದ್ದದ್ದು ಪರದೆಯ ಒಂದು ಕಟ್ಟುಪಾಡಿನಲ್ಲಿ. ಆಡುವವರು ಇಬ್ಬರಿರಲಿ, ಮೂವರಿರಲಿ, ಪರದೆ ಒಂದೇ. ಒಬ್ಬ ಹಿಂದೆ ಉಳಿದರೆ ಇನ್ನೊಬ್ಬ ಅವನನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಪೀಪಾಯಿ ಒಡೆದಾಗ ಮಾಂಸದ ತುಂಡೊಂದು ಉದುರುತ್ತದೆ. ತಿಂದವನಿಗೆ ಜೀವ ಏರುತ್ತದೆ. ಯಾರು ತಿನ್ನಬೇಕು? ಮಷೀನು ಅದನ್ನು ಹೇಳುವುದಿಲ್ಲ. "ನೀನು ತಗೋ, ನಿಂದು ಕಮ್ಮಿ ಇದೆ" ಅನ್ನುವುದೋ, ಮೊಣಕೈಯಲ್ಲಿ ತಳ್ಳಿ ತಾನೇ ಬಾಚಿಕೊಳ್ಳುವುದೋ, ಆ ತೀರ್ಮಾನ ಪರದೆಯ ಈಚೆಗೆ ನಿಂತವರದು. 1989ರಲ್ಲಿ ಸೆಗಾ ಕಂಪನಿ ತಂದ 'ಗೋಲ್ಡನ್ ಆ್ಯಕ್ಸ್' ಇದನ್ನು ಇನ್ನಷ್ಟು ಬಿಗಿ ಮಾಡಿತ್ತು. ಎರಡು ಘಟ್ಟಗಳ ನಡುವೆ ಬಿಡಾರದಲ್ಲಿ ಪುಟ್ಟ ಕಳ್ಳರು ಬರುತ್ತಾರೆ, ಒದ್ದರೆ ಮಂತ್ರದ ಕುಡಿಕೆಗಳು ಬೀಳುತ್ತವೆ, ಎತ್ತಿಕೊಂಡವನದೇ ಪಾಲು. ಬೀಸಿದ ಕತ್ತಿ ಗೆಳೆಯನಿಗೂ ತಾಗುತ್ತಿತ್ತು. ತಾಗಿದ್ದು ಕೈತಪ್ಪಿಯೋ ಬೇಕೆಂದೋ ಎಂಬ ಜಗಳ ಆಟ ಮುಗಿದ ಮೇಲೂ ನಡೆಯಬಹುದಿತ್ತು.

ಕಾಸಿನ ಲೆಕ್ಕವೂ ಇದರೊಳಗೇ ಇತ್ತು. ಸತ್ತವನ ಮುಂದೆ ಅಂಕಿಗಳು ಇಳಿಯತೊಡಗುತ್ತವೆ. ಅಷ್ಟರೊಳಗೆ ಇನ್ನೊಂದು ನಾಣ್ಯ ಹಾಕದಿದ್ದರೆ ಅವನು ಆಟದಿಂದ ಹೊರಗೆ, ಗೆಳೆಯ ಒಂಟಿ. ಆಟ ಕಷ್ಟವಾಗಿದ್ದದ್ದೇ ಜೇಬು ಖಾಲಿ ಮಾಡಿಸಲಿಕ್ಕೆ.

ಇನ್ನು ಚಿತ್ರ. ಹೊಡೆತ, ಬೀಳುವಿಕೆ, ಎದ್ದು ನಿಲ್ಲುವಿಕೆ, ಎಲ್ಲವನ್ನೂ ಕಲಾವಿದರು ಚೌಕಟ್ಟು ಚೌಕಟ್ಟಾಗಿ, ಚುಕ್ಕಿ ಚುಕ್ಕಿಯಾಗಿ ಬಿಡಿಸಿದ್ದರು. ಆಕೃತಿಗಳು ದೊಡ್ಡವು, ಬಣ್ಣ ಗಾಢ. ಇದು ಅಲಂಕಾರ ಮಾತ್ರವಲ್ಲ. ನಾಣ್ಯವಿಲ್ಲದೆ ಹಿಂದೆ ನಿಂತವನಿಗೂ ಯಾರು ಯಾರೆಂದು ಗೊತ್ತಾಗಬೇಕಿತ್ತು, ಗದ್ದಲದ ನಡುವೆ ತನ್ನ ವೀರನನ್ನು ಆಟಗಾರ ಕಣ್ಣು ಮಿಟುಕಿಸುವಷ್ಟರಲ್ಲಿ ಗುರುತಿಸಬೇಕಿತ್ತು.

ಕ್ಯಾಪ್‌ಕಾಮ್‌ನದೇ 'ಟವರ್ ಆಫ್ ಡೂಮ್' ಮತ್ತು 1996ರ 'ಶ್ಯಾಡೋ ಓವರ್ ಮಿಸ್ಟಾರಾ' ಈ ದಾರಿಯ ತುದಿ: ನಾಲ್ವರು ಒಟ್ಟಿಗೆ, ಮುಂದೆ ಯಾವ ದಾರಿ ಹಿಡಿಯಬೇಕೆಂಬುದೂ ಆಡುವವರದೇ ಆಯ್ಕೆ. ಆಮೇಲೆ ಮೂರು ಆಯಾಮದ ಆಟಗಳು ಬಂದವು, ಪಾರ್ಲರುಗಳು ಮುಚ್ಚಿದವು. ಆದರೂ 'ಟವರ್ ಆಫ್ ಡೂಮ್' ತಂಡದಲ್ಲಿ ದುಡಿದಿದ್ದ ಜಾರ್ಜ್ ಕಾಮಿತಾನಿ ಹಟ ಬಿಡಲಿಲ್ಲ. ಅವರ ವೆನಿಲ್ಲಾವೇರ್ ಸಂಸ್ಥೆ 2013ರಲ್ಲಿ 'ಡ್ರ್ಯಾಗನ್ಸ್ ಕ್ರೌನ್' ತಂದಿತು. ಅಲ್ಲಿ ಕೈಯಲ್ಲಿ ಬಿಡಿಸಿದ ದೇಹವನ್ನು ತೋಳು, ತೊಡೆ, ತಲೆ ಎಂದು ಬಿಡಿಬಿಡಿಯಾಗಿಸಿ, ಕೀಲುಗಳಲ್ಲಿ ಜೋಡಿಸಿ ಆಡಿಸುತ್ತಾರೆ. ತೊಗಲುಗೊಂಬೆ ನೋಡಿದ ಕನ್ನಡಿಗರಿಗೆ ಈ ಉಪಾಯ ಹೊಸದಲ್ಲ.

ಹೀಗೆ ಚಿತ್ರ ಬಿಡಿಸಿ ದೈತ್ಯರನ್ನು ಕೆಡಹುವ ಆಟವೊಂದು ಪುಣೆಯಲ್ಲೂ ಹುಟ್ಟಿತು. ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಪುಟ್ಟ ಸ್ಟುಡಿಯೋ 2017ರಲ್ಲಿ 'ರಾಜಿ' ಎಂಬ ಆಟಕ್ಕಾಗಿ ಕಿಕ್‌ಸ್ಟಾರ್ಟರ್ ಮೂಲಕ ಜನರಿಂದ ಹಣ ಕೂಡಿಸಲು ಹೊರಟಿತು, ಗುರಿ ಮುಟ್ಟಲಿಲ್ಲ. ಸ್ಥಾಪಕರಲ್ಲೊಬ್ಬರು ಸ್ವಂತ ಫ್ಲಾಟ್ ಮಾರಿ ಕೆಲಸ ಮುಂದುವರಿಸಿದರು. 2020ರ ಆಗಸ್ಟ್ 18ರಂದು ಆಟ ಮೊದಲು ನಿಂಟೆಂಡೋ ಸ್ವಿಚ್‌ನಲ್ಲಿ ಬಂತು, ಅಕ್ಟೋಬರಿನಲ್ಲಿ ಉಳಿದೆಡೆ. ಅದೇ ವರ್ಷ 'ದ ಗೇಮ್ ಅವಾರ್ಡ್ಸ್'ನಲ್ಲಿ ಚೊಚ್ಚಲ ಆಟಗಳ ವಿಭಾಗಕ್ಕೆ ನಾಮನಿರ್ದೇಶನವೂ ಸಿಕ್ಕಿತು.

'ರಾಜಿ' ಮೂರು ಆಯಾಮದ ಆಟ, ಮುಸ್ತಫಾನ ನೇರ ವಾರಸುದಾರನೇನಲ್ಲ. ಆದರೆ ಗೋಡೆ, ಕಂಬ, ಕಲ್ಲಿನ ಮೈಗೆ ಕೈಯಿಂದ ಬಣ್ಣ ಬಳಿದಿದ್ದಾರೆ. ಬಣ್ಣದ ಮಾದರಿ ಪಹಾಡಿ ಚಿತ್ರಕಲೆಯದು, ಕಟ್ಟಡಗಳು ರಾಜಸ್ಥಾನವನ್ನು ನೆನಪಿಸುತ್ತವೆ, ಕಥೆಯ ಹಿನ್ನೆಲೆ ನೆರಳುಗೊಂಬೆಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಇಷ್ಟು ದೂರ ಹೋಗಬೇಕಿತ್ತೇ ಎಂದು ಪುಣೆ ಬಲ್ಲವರು ಕೇಳಬಹುದು. ಅಲ್ಲಿನ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯದಲ್ಲೇ ಚಿತ್ರಕಥಿ ಪರಂಪರೆಯ ಚಿತ್ರಗಳಿವೆ: ಅಗಲ ಕಣ್ಣಿನ, ಪಕ್ಕಕ್ಕೆ ತಿರುಗಿದ ಮುಖದ ವೀರರು, ರಾಕ್ಷಸರು. ಕರ್ನಾಟಕದ ತೊಗಲುಗೊಂಬೆಗಳಿಗೂ ಇವಕ್ಕೂ ಇರುವ ಹೋಲಿಕೆಯನ್ನು ಕಲಾ ಇತಿಹಾಸಕಾರರು ಗಮನಿಸಿದ್ದಾರೆ. ಗೊಂಬೆ ಆಡಿಸುವ ಕಿಳ್ಳೇಕ್ಯಾತರು ಆಟದಲ್ಲಿ ಕನ್ನಡ ಹಾಡಿ ಮನೆಯಲ್ಲಿ ಮರಾಠಿಯ ಒಂದು ಬಗೆಯನ್ನು ಆಡುವವರು ಎಂಬುದನ್ನು ನೆನೆದರೆ ಈ ನಂಟು ಅಚ್ಚರಿಯದಲ್ಲ.

ಆದರೆ ಚಿತ್ರಕ್ಕಿಂತ ದೊಡ್ಡ ಕೊರತೆ ಬೇರೆ. 'ರಾಜಿ'ಯನ್ನು ಆಡುವುದು ಒಬ್ಬರೇ. ಕಥೆ ಇಬ್ಬರದು: ಸರ್ಕಸ್ಸಿನ ಹುಡುಗಿ ರಾಜಿ ಮತ್ತು ರಾಕ್ಷಸರು ಹೊತ್ತೊಯ್ದ ಅವಳ ತಮ್ಮ ಗೋಲು. ತ್ರಿಶೂಲ ಹಿಡಿದು ಅವಳು ಅವನನ್ನು ಹುಡುಕಿಕೊಂಡು ಹೋಗುತ್ತಾಳೆ. ದುರ್ಗೆ, ವಿಷ್ಣು ಮೇಲಿನಿಂದ ನೋಡುತ್ತ ಮಾತಾಡಿಕೊಳ್ಳುತ್ತಾರೆ, ಪಕ್ಕದಲ್ಲಿ ಮಾತ್ರ ಯಾರೂ ಇಲ್ಲ. ಮನೆ ಮಾರಿ ಮುಗಿಸಿದ ಆಟದಿಂದ ಎರಡನೆಯ ಆಟಗಾರನನ್ನೂ ಕೇಳುವುದು ಅನ್ಯಾಯವೇ ಇರಬಹುದು. ಇಬ್ಬರ ಆಟ ಕಟ್ಟುವುದು ಒಬ್ಬರ ಆಟಕ್ಕಿಂತ ಬಹಳ ತೊಡಕಿನ ಕೆಲಸ. ತೊಗಲುಗೊಂಬೆಯ ಪರದೆಯ ಹಿಂದೆ ಗಂಡ ಗೊಂಬೆ ಕುಣಿಸುತ್ತಾನೆ, ಸೀತೆಯ ಮಾತನ್ನು ಪಕ್ಕದಲ್ಲಿ ಕೂತ ಹೆಂಡತಿ ಆಡುತ್ತಾಳೆ. ರಾಜಿ ತಮ್ಮನ ಹೆಸರು ಕೂಗುವಾಗ ಓಗೊಡಲು ಎರಡನೆಯ ಕಂಟ್ರೋಲರ್ ಇಲ್ಲ.