ಸುದ್ದಿ ತಲಪದ ಬೆರಳು

ಮೊಣಕೈಯ ಒಳಮಗ್ಗುಲು ಬಾಗಿಲಿಗೆ ತಗುಲಿದಾಗ ಕಿರುಬೆರಳಿನವರೆಗೆ ಜುಮ್ಮೆಂದು ಮಿಂಚು ಹರಿದ ಅನುಭವ ಯಾರಿಗಿಲ್ಲ? ಪೆಟ್ಟು ಬಿದ್ದದ್ದು ಮೊಣಕೈಗೆ. ದೂರು ಬಂದದ್ದು ಬೆರಳಿನಿಂದ. ಅಲ್ಲಿ ಚರ್ಮಕ್ಕೂ ಎಲುಬಿಗೂ ನಡುವೆ ಹಾದುಹೋಗುವ ಜ್ಞಾನತಂತುವು ಕಿರುಬೆರಳಿನ ಸಮಾಚಾರವನ್ನು ಬೆನ್ನುಹುರಿಗೆ ಒಯ್ಯುತ್ತದೆ. ನಡುದಾರಿಯಲ್ಲಿ ಅದನ್ನು ಮೀಟಿದರೂ ಮಿದುಳು ಅದನ್ನು ಬೆರಳಿನ ಸುದ್ದಿಯೆಂದೇ ಓದಿಕೊಳ್ಳುತ್ತದೆ. ಈ ಒಂದು ತಂತು ಸತ್ತುಹೋದದ್ದರಿಂದ ಮನೆಮಠ ಕಳೆದುಕೊಂಡವರು ನಮ್ಮ ನಾಡಿನಲ್ಲಿ ಅಸಂಖ್ಯ.

ಸುದ್ದಿ ತರುವ ತಂತುಗಳು ಬೇರೆ, ಅಪ್ಪಣೆ ಒಯ್ಯುವ ತಂತುಗಳು ಬೇರೆ ಎಂಬುದನ್ನು ಫ್ರಾನ್ಸಿನ ಮಜಾಂಡಿ 1822ರಲ್ಲಿ ಖಚಿತಪಡಿಸಿದರು. ಸುದ್ದಿಯ ವೇಗವನ್ನು ಅಳೆಯುವುದು ಮನುಷ್ಯನಿಂದಾಗದ ಕೆಲಸವೆಂದು ಜರ್ಮನಿಯ ಮ್ಯೂಲರ್ ಎಂಬ ಪಂಡಿತರು ನಂಬಿದ್ದರು. ಅವರ ಶಿಷ್ಯರೇ ಆದ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ತಂತುವಿನಲ್ಲಿ ಅದನ್ನು ಅಳೆದೇಬಿಟ್ಟರು: ಸೆಕೆಂಡಿಗೆ ಸುಮಾರು 27 ಮೀಟರು. ನಮ್ಮ ದೇಹದಲ್ಲಿ ಸ್ಪರ್ಶದ ಸುದ್ದಿ ಇನ್ನೂ ವೇಗವಾಗಿ ಓಡುತ್ತದೆ. ಉರಿನೋವಿನ ಸುದ್ದಿಯೋ ಸೆಕೆಂಡಿಗೆ ಒಂದು ಮೀಟರಿನಂತೆ ನಡೆದು ಬರುತ್ತದೆ. ಹೊಸ್ತಿಲಿಗೆ ಕಾಲ್ಬೆರಳು ಎಡವಿದಾಗ ಮೊದಲು ಪೆಟ್ಟು ತಿಳಿದು, ಕ್ಷಣ ತಡೆದು ಉರಿ ಏರುವುದು ಇದರಿಂದಲೇ.

ರೇಡಿಯೋ ಇಟ್ಟವರು ಮೆಚ್ಚುವ ಮಾತೊಂದುಂಟು. ಕೇಂಬ್ರಿಜ್ಜಿನ ಏಡ್ರಿಯನ್ ಅವರು 1926ರಲ್ಲಿ ಸ್ವೀಡನ್ನಿನ ಜೊಟರ್ಮನ್ ಅವರೊಡನೆ ಒಂದೇ ಒಂದು ತಂತುವಿನ ಸುದ್ದಿಯನ್ನು ಹಿಡಿದರು. ಅದಕ್ಕೆ ನೆರವಾದದ್ದು ರೇಡಿಯೋದಲ್ಲಿರುವಂಥ ವಾಲ್ವು. ಮುಂದೆ ಲೌಡ್‌ಸ್ಪೀಕರನ್ನೇ ಜೋಡಿಸಿ, ತಂತುವಿನ ಟಿಕ್ ಟಿಕ್ ಸದ್ದನ್ನು ಕಿವಿಯಿಂದ ಕೇಳಿದರು. ಗಟ್ಟಿಯಾಗಿ ಒತ್ತಿದರೆ ಟಿಕ್ಕು ದೊಡ್ಡದಾಗುವುದಿಲ್ಲ, ಬೇಗಬೇಗ ಬರುತ್ತದೆ. ಒತ್ತಿ ಹಾಗೆಯೇ ಬಿಟ್ಟರೆ ಬರಬರುತ್ತ ನಿಧಾನವಾಗುತ್ತದೆ. ಮೈಮೇಲಿನ ಅಂಗಿಯನ್ನು ನಾವು ಮರೆಯುವುದು ಹೀಗೆ. ಈ ಸಂಶೋಧನೆಗೆ 1932ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಈ ಟಿಕ್ಕು ನಿಂತುಹೋದರೆ? ಕುಷ್ಠದ ಲಕ್ಷಣಗಳಲ್ಲಿ ಸ್ಪರ್ಶಜ್ಞಾನದ ನಾಶವನ್ನು ಸುಶ್ರುತಸಂಹಿತೆಯೇ ಹೇಳಿದೆ. ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿ ಕಂಡರು. ಆದರೂ ಬೆರಳು ಮೋಟಾಗುವುದು ರೋಗವೇ ಮಾಂಸವನ್ನು ತಿನ್ನುವುದರಿಂದ ಎಂಬ ಭಾವನೆ ವೈದ್ಯರಲ್ಲಿಯೂ ಉಳಿದಿತ್ತು. ಕೊಳೆಯುವ ಕೈಗೆ ಶಸ್ತ್ರಚಿಕಿತ್ಸೆ ಏತಕ್ಕೆ?

ಕೊಲ್ಲಿಮಲೆಯಲ್ಲಿ ಹುಟ್ಟಿ, 1946ರಲ್ಲಿ ವೆಲ್ಲೂರಿಗೆ ಬಂದ ಡಾಕ್ಟರ್ ಪಾಲ್ ಬ್ರ್ಯಾಂಡ್ ಇದನ್ನು ಒಪ್ಪಲಿಲ್ಲ. ಒಮ್ಮೆ ತುಕ್ಕು ಹಿಡಿದ ಬೀಗವೊಂದು ಅವರ ಕೈಗೆ ತಿರುಗಲಿಲ್ಲ. ಪಕ್ಕದಲ್ಲಿದ್ದ ರೋಗಿ, ಇನ್ನೂ ಹುಡುಗ, ಬೀಗದ ಕೈಯನ್ನು ಹಿಡಿದು ತಿರುಗಿಸಿಯೇಬಿಟ್ಟ. ಎಲ್ಲಿಂದ ಬಂತು ಈ ಶಕ್ತಿ ಎಂದು ನೋಡಿದರೆ ನೆಲಕ್ಕೆ ನೆತ್ತರು ಬಿದ್ದಿತ್ತು. ಬೆರಳು ಎಲುಬಿನವರೆಗೆ ಸೀಳಿತ್ತು. ಹುಡುಗನಿಗೆ ಅದರ ಪರಿವೆಯೇ ಇರಲಿಲ್ಲ. ರಾತ್ರಿ ಮಲಗಿದ್ದಾಗ ಕೆಲವರ ಬೆರಳಿನ ತುದಿ ಕಾಣೆಯಾಗುತ್ತಿದ್ದುದು ಇನ್ನೊಂದು ಒಗಟು. ಕಾವಲು ಕುಳಿತು ನೋಡಿದರೆ ಇಲಿ ಕಡಿಯುತ್ತಿತ್ತು! ಆಮೇಲೆ ಮನೆಗೆ ಹೊರಟ ರೋಗಿಗಳ ಜೊತೆಗೆ ಒಂದೊಂದು ಬೆಕ್ಕನ್ನೂ ಕಳಿಸಿದರಂತೆ. ಔಷಧಕೋಶದಲ್ಲಿ ಬೆಕ್ಕಿಗೆ ಸ್ಥಾನ ದೊರೆತದ್ದು ಇದೊಂದೇ ಸಲವಿರಬೇಕು.

ರೋಗಾಣುವಿಗೆ ತಂಪು ಬೇಕು. ಆದ್ದರಿಂದಲೇ ಚರ್ಮದ ಹತ್ತಿರ ಹಾಯುವ ತಂತುಗಳು, ಮೊದಲಾಗಿ ಮೊಣಕೈಯದು, ಅದಕ್ಕೆ ಬಲಿ. ತಂತು ಬಾತು ಸತ್ತರೆ ಕಿರುಬೆರಳೂ ಉಂಗುರದ ಬೆರಳೂ ಕೊಕ್ಕೆಯಂತೆ ಮಡಿಚಿಕೊಳ್ಳುತ್ತವೆ. ಕಾದ ಹಂಚಿಗೆ ತಾಗಿದ ನಮ್ಮ ಕೈಯನ್ನು, ಮಿದುಳಿಗೆ ತಿಳಿಯುವ ಮೊದಲೇ, ಬೆನ್ನುಹುರಿ ಹಿಂದಕ್ಕೆ ಎಳೆಸುತ್ತದೆ. ಸುದ್ದಿಯೇ ಬಾರದ ಕೈಯನ್ನು ಎಳೆಯುವವರಾರು? ಸುಟ್ಟಗಾಯ, ಕೀವು, ಮತ್ತೆ ಗಾಯ; ಹೀಗೆ ಎಲುಬು ಸವೆದು ಬೆರಳು ಮೋಟಾಗುತ್ತದೆ. ಬ್ರ್ಯಾಂಡರು ಜೀವವಿದ್ದ ಸ್ನಾಯುವಿನ ನಾರನ್ನು ಬೇರೆಡೆಯಿಂದ ತಂದು ಜೋಡಿಸಿ, ಮಡಿಚಿದ ಬೆರಳನ್ನು ಬಿಡಿಸಿದರು. ಗಾಯ ಮಾಯಿತು, ಕೈ ಕೆಲಸಕ್ಕೆ ಬಂತು.

ನಮ್ಮ ಕಡೆಯವರೊಬ್ಬರ ಹೆಸರು ಇಲ್ಲಿ ಬರಬೇಕು. 1922ರಲ್ಲಿ ಹುಬ್ಬಳ್ಳಿಯ ಪಾರ್ಸಿ ಕುಟುಂಬದಲ್ಲಿ ಹುಟ್ಟಿದ ಡಾಕ್ಟರ್ ನೋಶಿರ್ ಅಂಟಿಯಾ ಇಂಗ್ಲೆಂಡಿನಲ್ಲಿ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆ ಕಲಿತು ಬಂದು, ಶ್ರೀಮಂತರ ಮೂಗು ತಿದ್ದುವ ಬದಲು ಪುಣೆಯ ಬಳಿಯ ಕೊಂಢವೆಯಲ್ಲಿ ಕುಷ್ಠರೋಗಿಗಳ ಮೂಗು ಎತ್ತಿ ನಿಲ್ಲಿಸಿದರು. ಮುಂದೆ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಇದೇ ಕೆಲಸವನ್ನು ಬೆಳೆಸಿದರು; ಈ ರೋಗದಲ್ಲಿ ತಂತು ಕೆಡುವ ಬಗೆಯನ್ನು ಕುರಿತು 1997ರಲ್ಲಿ ಸಹೋದ್ಯೋಗಿಯೊಡನೆ ಒಂದು ಗ್ರಂಥವನ್ನೇ ತಂದರು. ಬೆಳಗಾವಿಯವರಿಗೆ ಹಿಂಡಲಗಾ ಎಂದೊಡನೆ ಸೆರೆಮನೆ ನೆನಪಾಗುವುದು ಸಹಜ. ಅಲ್ಲಿ ಕುಷ್ಠರೋಗದ ಆಸ್ಪತ್ರೆಯೂ ಇತ್ತೆಂಬುದನ್ನು ಎಷ್ಟು ಜನ ನೆನೆಯುತ್ತಾರೆ? ನೆಹರು ನಗರದಲ್ಲಿ, 1963ರಲ್ಲಿ ಆರಂಭವಾದ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಇಂದು ಬಿಡಿಸಿ ನೋಡುವುದೂ ಮೊಣಕೈಯ ಇದೇ ತಂತುವನ್ನು.

ವಿಶ್ವ ಆರೋಗ್ಯ ಸಂಸ್ಥೆ 1982ರಲ್ಲಿ ಸೂಚಿಸಿದ ಬಹುಔಷಧ ಚಿಕಿತ್ಸೆಯಿಂದ ರೋಗ ಪೂರ್ತಿ ಗುಣವಾಗುತ್ತದೆ. ಕಾನೂನು ಮಾತ್ರ ನಿಧಾನ: ರೋಗಿಗಳನ್ನು ಹಿಡಿದು ಬೇರೆ ಇಡುವ 1898ರ ಕಾಯಿದೆ ರದ್ದಾದದ್ದು 2016ರಲ್ಲಿ, ಕುಷ್ಠವು ವಿವಾಹ ವಿಚ್ಛೇದನಕ್ಕೆ ಕಾರಣವಲ್ಲವೆಂದಾದದ್ದು 2019ರಲ್ಲಿ. ದೇಶದಲ್ಲಿ ವರ್ಷಕ್ಕೆ ಲಕ್ಷದ ಆಸುಪಾಸು ಹೊಸ ರೋಗಿಗಳು ಈಗಲೂ ಕಂಡುಬರುತ್ತಾರೆ. ಮಾತ್ರೆ ರೋಗಾಣುವನ್ನು ಕೊಲ್ಲುತ್ತದೆ, ಸತ್ತ ತಂತುವನ್ನು ಎಬ್ಬಿಸಲಾರದು. ಆದ್ದರಿಂದ ಆರೋಗ್ಯ ಕಾರ್ಯಕರ್ತರು ರೋಗಿಯ ಕಣ್ಣು ಮುಚ್ಚಿಸಿ, ಬಾಲ್‌ಪೆನ್ನಿನ ತುದಿಯನ್ನು ಅಂಗೈಗೆ ಮೆಲ್ಲನೆ ತಾಗಿಸಿ, ಮುಟ್ಟಿದ್ದೆಲ್ಲಿ ತೋರಿಸೆನ್ನುತ್ತಾರೆ. ಜೋಮು ಹಿಡಿದು ಆರು ತಿಂಗಳು ದಾಟದಿದ್ದರೆ, ಬಾವು ಇಳಿಸುವ ಔಷಧದಿಂದ ಎಷ್ಟೋ ವೇಳೆ ಬೆರಳಿನ ಸುದ್ದಿ ಮರಳಿ ಬರುತ್ತದೆ.