ದಾಸನೋ, ದತ್ತುಪುತ್ರನೋ?

‘ಹಣೆಬರಹ ಅಳಿಸುವವರಾರು?’ ಎಂಬ ಮಾತು ನಮ್ಮಲ್ಲಿ ದಿನಬಳಕೆಯದು. ಆ ಬರಹದ ಹಿಂದೆ ಹಿಂದಿನ ಜನ್ಮದ ಕರ್ಮವಿದೆ ಎಂದು ನಂಬಿದವನಿಗೆ ಅದು ಒಂದು ರೀತಿಯಲ್ಲಿ ತಾನೇ ಬರೆದುಕೊಂಡ ಲೆಕ್ಕ. ಕ್ರೈಸ್ತ ನಂಬಿಕೆಯಲ್ಲಿ ಪೂರ್ವಜನ್ಮಕ್ಕೆ ಸ್ಥಾನವಿಲ್ಲ. ಆದ್ದರಿಂದ ಯಾರಿಗೆ ಮುಕ್ತಿ ಎಂಬುದನ್ನು ದೇವರು ಸೃಷ್ಟಿಗೆ ಮೊದಲೇ ನಿರ್ಧರಿಸಿದ್ದಾನೆ ಎಂದು ಹೇಳಿದರೆ, ಆ ನಿರ್ಧಾರದ ಪೂರ್ತಿ ಭಾರ ದೇವರ ಮೇಲೆಯೇ ಬೀಳುತ್ತದೆ. ಪೂರ್ವನಿಯತಿ ಎಂದು ಕರೆಯಬಹುದಾದ ಈ ಸಿದ್ಧಾಂತ ಯೂರೋಪಿನಲ್ಲಿ ಸಾವಿರಕ್ಕೂ ಹೆಚ್ಚು ವರ್ಷ ಜಗಳಗಳಿಗೆ ಕಾರಣವಾಯಿತು. ಆದರೆ ಬೈಬಲಿನಲ್ಲಿ ಈ ಮಾತು ಒಂಟಿಯಾಗಿ ಬಂದದ್ದಲ್ಲ. ಅದರ ಪಕ್ಕದಲ್ಲೇ ಮನೆಮಾತಿನ ಇನ್ನೊಂದು ಪದವಿತ್ತು: ದತ್ತು.

ಸಂತ ಪೌಲನ ಹೆಸರಿನಲ್ಲಿರುವ ಎಫೆಸದವರ ಪತ್ರದಲ್ಲಿ ಈ ಎರಡೂ ಒಂದೇ ವಾಕ್ಯದಲ್ಲಿ ಸೇರಿವೆ. ದೇವರು ನಂಬಿದವರನ್ನು ಮೊದಲೇ ಗೊತ್ತುಮಾಡಿದ್ದು ತನ್ನ ಮಕ್ಕಳಾಗಿ ಸ್ವೀಕರಿಸುವುದಕ್ಕೆ ಎಂಬುದು ಅಲ್ಲಿನ ತಾತ್ಪರ್ಯ. ಇದಕ್ಕೆ ಬಳಸಿದ ಗ್ರೀಕ್ ಪದ ‘ಹುಯೊಥೆಸಿಯ’. ಮಗನ ಸ್ಥಾನದಲ್ಲಿ ಇರಿಸುವುದು ಎಂದರ್ಥ. ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವುದು ಐದು ಸಲ ಮಾತ್ರ. ಐದೂ ಪೌಲನ ಹೆಸರಿನ ಪತ್ರಗಳಲ್ಲೇ.

ಪೌಲನ ಓದುಗರಿಗೆ ಇದು ಬರಿಯ ರೂಪಕವಾಗಿರಲಿಲ್ಲ. ರೋಮನ್ನರು ಸಾಮಾನ್ಯವಾಗಿ ದತ್ತು ಪಡೆಯುತ್ತಿದ್ದುದು ಶಿಶುಗಳನ್ನಲ್ಲ, ಬೆಳೆದ ಗಂಡಸರನ್ನು. ದತ್ತು ಹೋದವನಿಗೆ ಹಳೆಯ ಮನೆಯ ಕಾನೂನು ಸಂಬಂಧ ಕಡಿದು, ಹೊಸ ತಂದೆಯ ಹೆಸರೂ ಆಸ್ತಿಯ ಹಕ್ಕೂ ದೊರೆಯುತ್ತಿದ್ದವು. ಜೂಲಿಯಸ್ ಸೀಸರ್ ತನ್ನ ಉಯಿಲಿನ ಮೂಲಕ ದತ್ತು ಪಡೆದವನೇ ಮುಂದೆ ಅಗಸ್ಟಸ್ ಚಕ್ರವರ್ತಿಯಾದ. ಕ್ರಿ.ಶ. 50ರಲ್ಲಿ ಕ್ಲಾಡಿಯಸ್ ತನ್ನ ಹೆಂಡತಿಯ ಮಗ ನೀರೋನನ್ನು ದತ್ತು ತೆಗೆದುಕೊಂಡ. ಸ್ವಂತ ಮಗ ಬ್ರಿಟಾನಿಕಸ್ ಹಿಂದೆ ಬಿದ್ದ. ಪೌಲ ರೋಮಿನ ಕ್ರೈಸ್ತರಿಗೆ ಸುಮಾರು 57ರಲ್ಲಿ ಪತ್ರ ಬರೆದಾಗ ಸಿಂಹಾಸನದ ಮೇಲಿದ್ದವನು ಆ ದತ್ತುಪುತ್ರನೇ. ದತ್ತು ಎಂದರೆ ರಕ್ತಸಂಬಂಧಕ್ಕಿಂತ ಕಡಿಮೆಯ ನೆಂಟಸ್ತಿಕೆ ಎಂದು ಆ ಊರಿನಲ್ಲಿ ಯಾರೂ ಹೇಳುವಂತಿರಲಿಲ್ಲ. ಇಂಥ ಓದುಗರಿಗೆ ಪೌಲ ಹೇಳಿದ್ದು ಇಷ್ಟು: ನೀವು ಹೆದರಿ ನಡುಗುವ ಗುಲಾಮರಲ್ಲ, ಹಕ್ಕುಳ್ಳ ಮಕ್ಕಳು. ಅವರಲ್ಲಿ ಹಲವರು ನಿಜಕ್ಕೂ ಗುಲಾಮರಾಗಿದ್ದರು ಎಂಬುದನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ.

ಇದು ಸಿದ್ಧಾಂತವಾಗಿ ಗಟ್ಟಿಗೊಂಡದ್ದು ಐದನೆಯ ಶತಮಾನದಲ್ಲಿ, ಉತ್ತರ ಆಫ್ರಿಕಾದ ಹಿಪ್ಪೋ ನಗರದ ಬಿಷಪ್ ಆಗಸ್ಟೀನನ (354–430) ಕೈಯಲ್ಲಿ. ಬ್ರಿಟನ್ ಮೂಲದ ಪೆಲೇಜಿಯಸ್ ಎಂಬ ಸನ್ಯಾಸಿ, ಮನುಷ್ಯ ಮನಸ್ಸು ಮಾಡಿದರೆ ಪಾಪವಿಲ್ಲದೆ ಬದುಕಬಲ್ಲ ಎಂದು ಬೋಧಿಸಿದ್ದ. ಆಗಸ್ಟೀನ್ ಇದನ್ನು ಒಪ್ಪಲಿಲ್ಲ. ಒಳ್ಳೆಯದನ್ನು ಬಯಸುವ ಮನಸ್ಸೂ ದೇವರ ಕೃಪೆಯೇ. ಆ ಕೃಪೆ ಯಾರಿಗೆ ಎಂಬುದು ಅವನ ನಿರ್ಧಾರ ಎಂದು ವಾದಿಸಿದ. 418ರಲ್ಲಿ ಕಾರ್ಥೇಜಿನ ಸಭೆ ಪೆಲೇಜಿಯಸನ ಬೋಧನೆಯನ್ನು ಖಂಡಿಸಿತು. ಆದರೆ ಇಂದಿನ ಟ್ಯುನೀಸಿಯದಲ್ಲಿದ್ದ ಒಂದು ಮಠದ ಸನ್ಯಾಸಿಗಳು ಸರಳವಾದ ಪ್ರಶ್ನೆ ಎತ್ತಿದರು: ಎಲ್ಲವೂ ಕೃಪೆಯೇ ಆದರೆ, ತಪ್ಪು ಮಾಡಿದಾಗ ನಮ್ಮನ್ನು ಗದರುವುದೇಕೆ? ನಮಗಾಗಿ ಪ್ರಾರ್ಥಿಸಿದರೆ ಸಾಲದೆ? ಆಗಸ್ಟೀನ್ ಇದಕ್ಕೆ ಉತ್ತರವಾಗಿ ಒಂದು ಗ್ರಂಥವನ್ನೇ ಬರೆಯಬೇಕಾಯಿತು. ಪ್ರಶ್ನೆ ಮಾತ್ರ ಉಳಿಯಿತು.

ಅದಕ್ಕೆ ಅತಿ ಹೆಚ್ಚು ಬೆಲೆ ತೆತ್ತವರಲ್ಲಿ ಒಬ್ಬ ಒಂಬತ್ತನೆಯ ಶತಮಾನದ ಗೊಟ್‌ಶಾಲ್ಕ್. ಅವನು ಜರ್ಮನಿಯ ಸ್ಯಾಕ್ಸನ್ ಕುಲದ ಶ್ರೀಮಂತನ ಮಗ. ತಂದೆ ಬೆರ್ನೋ ಚಿಕ್ಕಂದಿನಲ್ಲೇ ಅವನನ್ನು ಫುಲ್ಡಾ ಮಠಕ್ಕೆ ಅರ್ಪಿಸಿಬಿಟ್ಟ. ದೇವರಿಗೆ ಮಕ್ಕಳನ್ನು ಹೀಗೆ ಒಪ್ಪಿಸುವುದು ಆ ಕಾಲದ ರೂಢಿ. ಬೆಳೆದ ಹುಡುಗ 829ರಲ್ಲಿ ಮೈಂಟ್ಸ್ ನಗರದ ಧರ್ಮಸಭೆಯ ಮುಂದೆ ನಿಂತು, ತನ್ನನ್ನು ಕೇಳದೆ ಸನ್ಯಾಸಿ ಮಾಡಲಾಯಿತು, ಬಿಡುಗಡೆ ಕೊಡಿ ಎಂದ. ಸಭೆ ಒಪ್ಪಿತು. ಫುಲ್ಡಾದ ಮಠಾಧಿಪತಿ ರಬಾನುಸ್ ಮೌರುಸ್ ಒಪ್ಪಲಿಲ್ಲ. ತಂದೆ ಕೊಟ್ಟ ಮಗುವನ್ನು ಹಿಂದಕ್ಕೆ ಪಡೆಯುವಂತಿಲ್ಲ ಎಂದು ಒಂದು ಗ್ರಂಥ ಬರೆದು, ಚಕ್ರವರ್ತಿಯ ಬಳಿ ದೂರು ಒಯ್ದ. ಕೊನೆಗೆ ಗೊಟ್‌ಶಾಲ್ಕ್ ಫುಲ್ಡಾವನ್ನೇನೋ ಬಿಟ್ಟ, ಸನ್ಯಾಸ ಬಿಡಲಿಲ್ಲ. ಫ್ರಾನ್ಸಿನ ಮಠಗಳಲ್ಲಿ ಉಳಿದು ಆಗಸ್ಟೀನನ ಬರಹಗಳಲ್ಲಿ ಮುಳುಗಿದ.

ಅಲ್ಲಿಂದ ಅವನು ತಂದ ಸಿದ್ಧಾಂತ ಕಠಿಣವಾದದ್ದು. ದೇವರ ಪೂರ್ವನಿಯತಿ ಎರಡು ಬಗೆಯದು: ಆಯ್ಕೆಯಾದವರಿಗೆ ಜೀವ, ಉಳಿದವರಿಗೆ ದಂಡನೆ. ಬಿಷಪ್ಪರು ಗಾಬರಿಯಾದದ್ದಕ್ಕೆ ಕಾರಣವಿತ್ತು. ಷಾರ್ಲ್‌ಮೇನ್ ಚಕ್ರವರ್ತಿ ಮೂವತ್ತು ವರ್ಷ ಯುದ್ಧ ಮಾಡಿ ಸ್ಯಾಕ್ಸನರಿಗೆ ದೀಕ್ಷಾಸ್ನಾನ ಕೊಡಿಸಿ ಇನ್ನೂ ಅರ್ಧ ಶತಮಾನ ತುಂಬಿರಲಿಲ್ಲ. ಎಲ್ಲವೂ ಮೊದಲೇ ತೀರ್ಮಾನವಾಗಿದ್ದರೆ ದೀಕ್ಷೆ ಯಾಕೆ, ಪಶ್ಚಾತ್ತಾಪ ಯಾಕೆ, ಪಾದ್ರಿಯ ಮಾತು ಕೇಳುವುದು ಯಾಕೆ ಎಂದು ಜನ ಕೇಳಿದರೆ?

848ರಲ್ಲಿ ಮೈಂಟ್ಸ್‌ನಲ್ಲೇ ಮತ್ತೆ ವಿಚಾರಣೆ ನಡೆಯಿತು. ಆಗ ಅಲ್ಲಿ ಆರ್ಚ್‌ಬಿಷಪ್ ಆಗಿದ್ದವನು ಅದೇ ರಬಾನುಸ್. ಮರುವರ್ಷ ಕಿಯೆರ್ಸಿಯ ಸಭೆ ಗೊಟ್‌ಶಾಲ್ಕನಿಗೆ ಚಾಟಿಯೇಟು ಕೊಡಿಸಿ, ಅವನ ಬರಹಗಳನ್ನು ಬೆಂಕಿಗೆ ಹಾಕಿಸಿತು. ರ್‍ಹೀಮ್ಸ್‌ನ ಆರ್ಚ್‌ಬಿಷಪ್ ಹಿಂಕ್‌ಮಾರ್ ಅವನನ್ನು ಓವಿಲ್ಯೇ ಮಠದಲ್ಲಿ ಸೆರೆಯಿಟ್ಟ. ಕುದಿಯುವ ನೀರು, ಎಣ್ಣೆ, ರಾಳದ ಕೊಪ್ಪರಿಗೆಗಳನ್ನು ದಾಟಿ ತನ್ನ ಮಾತು ನಿಜವೆಂದು ತೋರಿಸಲು ಸಿದ್ಧ ಎಂದು ಸೆರೆಯಾಳು ಬರೆದ. ಸುಮಾರು ಇಪ್ಪತ್ತು ವರ್ಷ ಸೆರೆಯಲ್ಲೇ ಕಳೆಯಿತು. ಮರಣಶಯ್ಯೆಯಲ್ಲೂ ಹಿಂಕ್‌ಮಾರ್ ಕಳಿಸಿದ ತಪ್ಪೊಪ್ಪಿಗೆಗೆ ಅವನು ಒಪ್ಪಲಿಲ್ಲ. ಹೀಗಾಗಿ ಅಂತಿಮ ಸಂಸ್ಕಾರವೂ ಸಿಗಲಿಲ್ಲ.

ತನ್ನ ಬದುಕನ್ನು ಬೇರೊಬ್ಬರು ಮೊದಲೇ ತೀರ್ಮಾನಿಸಿದ್ದಾರೆಂದು ಪ್ರತಿಭಟಿಸಿದ ಹುಡುಗನೇ, ಎಲ್ಲರ ಗತಿಯೂ ಮೊದಲೇ ತೀರ್ಮಾನವಾಗಿದೆ ಎಂಬ ಮಾತಿಗಾಗಿ ಸೆರೆಯಲ್ಲಿ ಸತ್ತದ್ದು ವಿಚಿತ್ರವಾಗಿ ಕಾಣಬಹುದು. ಆದರೆ ಅವನಿಗೆ ಆ ಮಾತಿನಲ್ಲಿ ಒಂದು ಆಸರೆಯಿತ್ತು. ದೇವರ ನಿರ್ಧಾರವನ್ನು ಮಠಾಧಿಪತಿಯಾಗಲಿ ಆರ್ಚ್‌ಬಿಷಪ್ ಆಗಲಿ ತಿದ್ದಲಾರ.

ಏಳು ಶತಮಾನಗಳ ನಂತರ ಜಿನೀವಾದಲ್ಲಿ ಕ್ಯಾಲ್ವಿನ್ ಇದೇ ಆಸರೆಯನ್ನು ದೇಶಭ್ರಷ್ಟರಾಗಿ ಬಂದ ಪ್ರಾಟೆಸ್ಟಂಟರಿಗೆ ಕೊಟ್ಟ. ಅವನೂ ಫ್ರಾನ್ಸಿನಿಂದ ಓಡಿಬಂದವನೇ. ಮುಂದೆ ಹಾಲೆಂಡಿನಲ್ಲಿ ಈ ವಿವಾದ ರಾಜಕೀಯದೊಡನೆ ಬೆರೆಯಿತು. 1618–19ರ ಡಾರ್ಟ್ ಧರ್ಮಸಭೆ ಪೂರ್ವನಿಯತಿಯ ಪರ ತೀರ್ಪು ಕೊಟ್ಟ ಬೆನ್ನಿಗೇ ವಿರೋಧಿಗಳಿಗೆ ರಕ್ಷಣೆ ಕೊಟ್ಟಿದ್ದ ಹಿರಿಯ ರಾಜಕಾರಣಿ ಓಲ್ಡನ್‌ಬಾರ್ನೆವೆಲ್ಟ್‌ನ ತಲೆ ಉರುಳಿತು. 1739ರಲ್ಲಿ ಇದೇ ಪ್ರಶ್ನೆ ಇಂಗ್ಲೆಂಡಿನಲ್ಲಿ ವೆಸ್ಲಿ ಮತ್ತು ವೈಟ್‌ಫೀಲ್ಡ್ ಎಂಬ ಗೆಳೆಯರನ್ನು ದೂರಮಾಡಿತು. ದೇವರು ಯಾರನ್ನೂ ನರಕಕ್ಕೆಂದು ಮೊದಲೇ ಗೊತ್ತುಮಾಡುವುದಿಲ್ಲ ಎಂಬುದು ಕ್ಯಾಥೋಲಿಕ್ ಸಭೆಯ ನಿಲುವು. 1992ರ ಅದರ ಧರ್ಮಬೋಧೆಯಲ್ಲೂ ಅದನ್ನು ಸ್ಪಷ್ಟಪಡಿಸಲಾಗಿದೆ.

ಈ ವಾದಗಳಲ್ಲಿ ಹೆಚ್ಚಿನವು ಪೌಲನ ವಾಕ್ಯದ ಅರ್ಧವನ್ನು ಹಿಡಿದು ನಡೆದವು. ಗೊತ್ತುಮಾಡುವವನು ನ್ಯಾಯಾಧೀಶನೆಂದುಕೊಂಡಾಗ ಮನುಷ್ಯನಿಗೆ ತಾನು ಯಾವ ಪಟ್ಟಿಯಲ್ಲಿದ್ದೇನೆ ಎಂಬ ಭಯ ಹುಟ್ಟುತ್ತದೆ. ಅವನು ದತ್ತು ಪಡೆಯುವ ತಂದೆ ಎಂದುಕೊಂಡಾಗ ಅದೇ ಮಾತು, ನಾನು ಅರ್ಹತೆಯಿಂದ ಬಂದವನಲ್ಲ, ಬೇಕೆಂದು ಕರೆಸಿಕೊಂಡವನು ಎಂಬ ನೆಮ್ಮದಿ ಕೊಡುತ್ತದೆ. 1640ರ ದಶಕದಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಸಿದ್ಧವಾದ ವಿಶ್ವಾಸಪ್ರಮಾಣದಲ್ಲಿ ದೇವರ ಅನಾದಿ ನಿರ್ಣಯಕ್ಕೆ ಒಂದು ಅಧ್ಯಾಯವಿದ್ದರೆ, ದತ್ತುಸ್ವೀಕಾರಕ್ಕೂ ಪುಟ್ಟದೊಂದು ಅಧ್ಯಾಯವಿದೆ. ಜಗಳವಾದದ್ದು ಮೊದಲನೆಯದರ ಬಗ್ಗೆ. ಎರಡನೆಯದನ್ನು ಓದಿದವರು ಕಡಿಮೆ.

ಗೊಟ್‌ಶಾಲ್ಕ್ ಎಂಬ ಹೆಸರಿಗೆ ಹಳೆಯ ಜರ್ಮನ್ ಭಾಷೆಯಲ್ಲಿ ‘ದೇವರ ದಾಸ’ ಎಂದರ್ಥ. ತಂದೆ ಕೊಟ್ಟುಬಿಟ್ಟ ಆ ಮಗುವನ್ನು ಮಠ ತನ್ನ ಸೊತ್ತೆಂದು ಎಣಿಸಿತು. ಅವನನ್ನು ಮಗನೆಂದು ಕರೆಯುವವರು ಭೂಮಿಯ ಮೇಲೆ ಸಿಗಲಿಲ್ಲ.