ಕೆನ್ನೆಯ ಒರಗು

ರೈಫಲ್ ಹಿಡಿದು ಗುರಿಯಿಡುವಾಗ ಸ್ಟಾಕಿನ, ಅಂದರೆ ಭುಜಕ್ಕೆ ಆನಿಸುವ ಹಿಂಭಾಗದ, ಮೇಲಂಚಿಗೆ ಕೆನ್ನೆಯನ್ನು ಆನಿಸುವ ಸ್ಥಾನವೇ ಕೆನ್ನೆಯ ಒರಗು. ಶೂಟಿಂಗ್ ರೇಂಜುಗಳಲ್ಲಿ ಇದನ್ನು ಚೀಕ್ ವೆಲ್ಡ್ ಎಂದೂ ಕೆನ್ನೆ ಕೂರುವ ಅಂಚನ್ನು ಕೋಂಬ್ ಎಂದೂ ಕರೆಯುತ್ತಾರೆ. ಮೈ ರೈಫಲನ್ನು ಮುಟ್ಟುವುದು ಭುಜ, ಎರಡು ಕೈ ಮತ್ತು ಕೆನ್ನೆಯಲ್ಲಿ. ಇವುಗಳಲ್ಲಿ ಕಣ್ಣು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದು ಕೆನ್ನೆಯೊಂದೇ. ಈ ಒರಗು ಸರಿಯಿಲ್ಲದಿದ್ದರೆ ಎಷ್ಟೇ ಬೆಲೆಯ ಸ್ಕೋಪ್ ಇದ್ದರೂ ಗುಂಡುಗಳು ಒಂದೆಡೆ ಗುಂಪುಗೂಡುವುದಿಲ್ಲ. ಹಾಗಿದ್ದೂ ಸ್ಕೋಪ್ ಕೊಳ್ಳುವವರಲ್ಲಿ ಹೆಚ್ಚಿನವರು ಅದರ ಗಾಜು, ಝೂಮ್, ಬೆಲೆಗಳನ್ನೆಲ್ಲ ವಿಚಾರಿಸಿ ಕೋಂಬಿನ ಎತ್ತರವನ್ನು ಮಾತ್ರ ಮರೆಯುತ್ತಾರೆ. ಸ್ಕೋಪನ್ನು ಮುಖಕ್ಕೆ ಹೊಂದಿಸಬೇಕು. ಮುಖವನ್ನು ಸ್ಕೋಪಿಗೆ ಹೊಂದಿಸಿಕೊಳ್ಳುವ ಅಭ್ಯಾಸ ಬಹಳ ದಿನ ನಡೆಯುವುದಿಲ್ಲ.

ತೊಂದರೆಯ ಮೂಲ ಎತ್ತರದ ವ್ಯತ್ಯಾಸದಲ್ಲಿದೆ. ತೆರೆದ ಸೈಟುಗಳು ನಳಿಗೆಗೆ ತೀರ ಹತ್ತಿರ ಇರುತ್ತವೆ. 1898ರ ಮೌಸರ್, ಬ್ರಿಟಿಷರ ಲೀ-ಎನ್‌ಫೀಲ್ಡ್‌ನಂಥ ರೈಫಲುಗಳ ಸ್ಟಾಕ್ ಹಿಂದಕ್ಕೆ ಹೋದಂತೆ ಇಳಿಜಾರಾಗಿರುವುದು ಕಣ್ಣು ಆ ತಗ್ಗಿನ ಸೈಟುಗಳ ನೇರಕ್ಕೆ ಬರಲಿ ಎಂದೇ. ಅದೇ ರೈಫಲಿಗೆ ಸ್ಕೋಪ್ ಕೂರಿಸಿದರೆ ನೋಟದ ರೇಖೆ ನಳಿಗೆಯ ನಡುವಿನಿಂದ ಸುಮಾರು 35ರಿಂದ 50 ಮಿಲಿಮೀಟರ್ ಮೇಲಕ್ಕೇರುತ್ತದೆ. ಆಗ ಶೂಟರ್ ತಲೆ ಎತ್ತಲೇಬೇಕು. ಕೆನ್ನೆಮೂಳೆಯ ಕೆಳಗಿನ ಮಾಂಸ ಕೂರಬೇಕಾದ ಕಡೆ ದವಡೆಯ ಅಂಚೋ ಗಲ್ಲವೋ ತಾಗುತ್ತದೆ. ನಾಲ್ಕೂವರೆ ಐದು ಕಿಲೋ ತೂಗುವ ತಲೆಯ ಭಾರವೆಲ್ಲ ಕತ್ತಿನ ಸ್ನಾಯುಗಳ ಮೇಲೆ ಬಿದ್ದು, ಸ್ವಲ್ಪ ಹೊತ್ತಿಗೆ ಕತ್ತು ನಡುಗತೊಡಗುತ್ತದೆ, ಅದರೊಂದಿಗೆ ಸ್ಕೋಪಿನೊಳಗಿನ ಚಿತ್ರವೂ.

ಸ್ಕೋಪಿನಿಂದ ಹೊರಬರುವ ಬೆಳಕು ಒಂದು ಸಣ್ಣ ವೃತ್ತವಾಗಿ ಕಣ್ಣಿಗೆ ತಲುಪುತ್ತದೆ. ಮುಂಗಾಜಿನ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಈ ವೃತ್ತದ ವ್ಯಾಸ ಸಿಗುತ್ತದೆ. ಪೇಟೆಯಲ್ಲಿ ಎಲ್ಲೆಡೆ ಸಿಗುವ 3-9×40 ಸ್ಕೋಪಿನಲ್ಲಿ, ಮೂರು ಪಟ್ಟು ವರ್ಧನೆಗೆ ಅದು 13 ಮಿಲಿಮೀಟರಿಗೂ ಹೆಚ್ಚು. ಒಂಬತ್ತು ಪಟ್ಟಿಗೆ ಏರಿಸಿದರೆ ಬರೀ 4.4. ಹಗಲಿನಲ್ಲಿ ಕಣ್ಣಿನ ಪಾಪೆಯೇ ಎರಡರಿಂದ ನಾಲ್ಕು ಮಿಲಿಮೀಟರ್ ಇರುವುದರಿಂದ ಹೆಚ್ಚಿನ ವರ್ಧನೆಯಲ್ಲಿ ತಲೆ ಅಲುಗಾಡಲು ಜಾಗವೇ ಉಳಿಯುವುದಿಲ್ಲ. ಕಣ್ಣು ಪಕ್ಕಕ್ಕೋ ಮೇಲೆ ಕೆಳಗೋ ಸರಿದರೆ ಚಿತ್ರದ ಒಂದು ಅಂಚಿನಲ್ಲಿ ಅರ್ಧಚಂದ್ರಾಕಾರದ ಕಪ್ಪು ನೆರಳು ಕಾಣಿಸುತ್ತದೆ. ಕಣ್ಣು ತೀರ ಹಿಂದಿದ್ದರೆ ಸುತ್ತಲೂ ಕಪ್ಪು ಬಳೆ ಕಟ್ಟಿ ಚಿತ್ರ ಕಿರಿದಾಗುತ್ತದೆ. ಹಿಂಗಾಜಿನಿಂದ ಕಣ್ಣಿಗೆ ಇರಬೇಕಾದ ದೂರಕ್ಕೆ ಐ ರಿಲೀಫ್ ಎನ್ನುತ್ತಾರೆ. ರೈಫಲ್ ಸ್ಕೋಪುಗಳಲ್ಲಿ ಅದು ಸಾಮಾನ್ಯವಾಗಿ 75ರಿಂದ 100 ಮಿಲಿಮೀಟರ್.

ನೆರಳು ಕಾಣುವ ದೋಷವಾದ್ದರಿಂದ ತಿದ್ದಿಕೊಳ್ಳಬಹುದು. ಕಾಣದೆ ಕೆಡಿಸುವುದು ಪ್ಯಾರಲ್ಯಾಕ್ಸ್. ಸ್ಕೋಪನ್ನು ಯಾವ ದೂರಕ್ಕೆ ಹೊಂದಿಸಲಾಗಿದೆಯೋ ಆ ದೂರದಲ್ಲಿ ಮಾತ್ರ ಗುರಿಯ ಚಿತ್ರವೂ ಸ್ಕೋಪಿನೊಳಗಿನ ಅಡ್ಡಗೆರೆಯೂ ಒಂದೇ ಸಮತಲದಲ್ಲಿ ಕೂರುತ್ತವೆ. ಬೇರೆ ದೂರದಲ್ಲಿ ಕಣ್ಣು ಸರಿದಂತೆ ಗುರಿಯ ಮೇಲೆ ಅಡ್ಡಗೆರೆ ಜಾರುತ್ತದೆ, ರೈಫಲ್ ಕದಲದಿದ್ದರೂ. ತಪ್ಪು ಹೆಚ್ಚೆಂದರೆ ಎಷ್ಟಾಗಬಹುದು ಎಂದು ತಿಳಿಯಲು ಒಂದು ಸರಳ ಲೆಕ್ಕವಿದೆ: ಎರಡು ದೂರಗಳ ವ್ಯತ್ಯಾಸವನ್ನು ಹೊಂದಿಸಿದ ದೂರದಿಂದ ಭಾಗಿಸಿ, ಮುಂಗಾಜಿನ ವ್ಯಾಸದ ಅರ್ಧದಿಂದ ಗುಣಿಸಬೇಕು. 40 ಮಿಲಿಮೀಟರ್ ಗಾಜಿನ, 100 ಮೀಟರಿಗೆ ಹೊಂದಿಸಿದ ಸ್ಕೋಪಿನಲ್ಲಿ 200 ಮೀಟರ್ ದೂರದ ಗುರಿಗೆ ಅದು 20 ಮಿಲಿಮೀಟರ್. 50 ಮೀಟರಿಗೆ 10. ಅದೇ ಸ್ಕೋಪನ್ನು ಏರ್ ರೈಫಲಿಗೆ ಕಟ್ಟಿ 10 ಮೀಟರಿನ ಗುರಿ ನೋಡಿದರೆ 18 ಮಿಲಿಮೀಟರ್. ದೊಡ್ಡ ಬೇಟೆ ರೈಫಲಿನ ಸ್ಕೋಪ್ ಏರ್‌ಗನ್ನಿಗೆ ಯಾಕೆ ಒಗ್ಗುವುದಿಲ್ಲ ಎಂಬುದಕ್ಕೆ ಇದೂ ಒಂದು ಕಾರಣ. ಕೆಲವು ಸ್ಕೋಪುಗಳಲ್ಲಿ ಇದನ್ನು ತಿದ್ದಲು ಪ್ರತ್ಯೇಕ ಗುಬುಟು ಇರುತ್ತದೆ. ಅದಿಲ್ಲದವರಿಗೆ ಉಳಿಯುವ ದಾರಿ ಒಂದೇ: ಪ್ರತಿ ಸಲವೂ ಕಣ್ಣು ಅದೇ ಜಾಗಕ್ಕೆ ಬರಬೇಕು, ಅಂದರೆ ಕೆನ್ನೆ ಅದೇ ಜಾಗಕ್ಕೆ ಬರಬೇಕು.

ಸೈನ್ಯಗಳು ಇದನ್ನು ಯುದ್ಧಭೂಮಿಯಲ್ಲಿ ಕಲಿತವು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸ್ನೈಪರ್‌ಗಳು ಬಳಸಿದ ನಂಬರ್ 4 (ಟಿ) ರೈಫಲುಗಳನ್ನು ಹೆಚ್ಚಾಗಿ ಸಿದ್ಧಪಡಿಸಿದ್ದು ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ. ಸ್ಕೋಪಿನ ಜೊತೆಗೆ ಸ್ಟಾಕಿನ ಮೇಲೆ ಮರದ ಒಂದು ಒರಗುತುಂಡನ್ನೂ ಸ್ಕ್ರೂ ಹಾಕಿ ಕೂರಿಸುತ್ತಿದ್ದರು. ಅಮೆರಿಕದ ಗ್ಯಾರಂಡ್ ರೈಫಲಿನ ಸಮಸ್ಯೆ ಬೇರೆ. ಅದಕ್ಕೆ ಎಂಟು ತೋಟಾಗಳ ಕ್ಲಿಪ್ಪನ್ನು ಮೇಲಿನಿಂದಲೇ ತುಂಬಬೇಕಿತ್ತು, ಖಾಲಿ ಕ್ಲಿಪ್ ಮೇಲಕ್ಕೇ ಚಿಮ್ಮುತ್ತಿತ್ತು. ಹಾಗಾಗಿ ಅದರ ಸ್ನೈಪರ್ ಮಾದರಿ ಎಂ1ಸಿಯಲ್ಲಿ ಸ್ಕೋಪನ್ನು ಎಡಕ್ಕೆ ಸರಿಸಿ ಕೂರಿಸಿ, ಮುಖವೂ ಅಷ್ಟೇ ಎಡಕ್ಕೆ ಬರಲೆಂದು ಸ್ಟಾಕಿಗೆ ಚರ್ಮದ ದಿಂಬನ್ನು ದಾರದಿಂದ ಬಿಗಿದರು. 1963ರಲ್ಲಿ ಸೋವಿಯತ್ ಸೇನೆಗೆ ಸೇರಿದ, ಭಾರತೀಯ ಸೇನೆಯೂ ಬಳಸುತ್ತ ಬಂದ ಡ್ರಾಗುನೋವ್ ರೈಫಲಿನಲ್ಲಿ ಕೆನ್ನೆಯ ತುಂಡನ್ನು ಕಳಚಬಹುದು: ಸ್ಕೋಪಿದ್ದಾಗ ಸಿಕ್ಕಿಸಬೇಕು, ತೆರೆದ ಸೈಟಿಗೆ ತೆಗೆಯಬೇಕು. ಎರಡು ಎತ್ತರದ ನೋಟಕ್ಕೆ ಒಂದೇ ಕೋಂಬ್ ಸಾಲದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ಒಪ್ಪಿಕೊಂಡ ವಿನ್ಯಾಸ ಕಡಿಮೆ.

ಸ್ಕೋಪ್ ಕೂರಿಸುವ ಕೆಲಸ ಶುರುವಾಗುವುದು ಬೋಲ್ಟ್ ತೆರೆದು, ತೋಟಾ ಕೋಣೆ ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡ ಮೇಲೆ. ಸ್ಕೋಪನ್ನು ರೈಫಲಿಗೆ ಬಿಗಿಯುವ ರಿಂಗುಗಳಲ್ಲಿ ಆದಷ್ಟು ತಗ್ಗಿನವನ್ನು ಆರಿಸುವುದು ಒಳ್ಳೆಯದು. ಮುಂಗಾಜಿನ ಗಂಟೆಯಾಕಾರದ ಭಾಗ ನಳಿಗೆಗೆ ತಾಗದೆ ಒಂದೆರಡು ಮಿಲಿಮೀಟರ್ ಸಂದು ಉಳಿಯಬೇಕು, ಬೋಲ್ಟಿನ ಹಿಡಿ ಎತ್ತುವಾಗ ಹಿಂಗಾಜಿಗೆ ಬಡಿಯಬಾರದು. ರಿಂಗುಗಳ ಸ್ಕ್ರೂಗಳನ್ನು ಸ್ಕೋಪ್ ಜಾರುವಷ್ಟು ಸಡಿಲವಾಗಿಟ್ಟು ಝೂಮನ್ನು ಪೂರ್ತಿ ಏರಿಸಬೇಕು, ಯಾಕೆಂದರೆ ಅಲ್ಲಿ ಸರಿಯಾದದ್ದು ಕೆಳಗಿನ ವರ್ಧನೆಗಳಲ್ಲಿ ತಾನಾಗಿ ಸರಿಯಾಗುತ್ತದೆ. ಈಗ ಶೂಟರ್ ಹೆಚ್ಚಾಗಿ ಗುಂಡು ಹಾರಿಸುವ ಭಂಗಿಯಲ್ಲೇ, ತೊಡುವ ಜಾಕೆಟ್ಟನ್ನೇ ತೊಟ್ಟು, ಕಣ್ಣು ಮುಚ್ಚಿಕೊಂಡು ರೈಫಲನ್ನು ಭುಜಕ್ಕೇರಿಸಿ, ತಲೆಯ ಭಾರವನ್ನು ಕೋಂಬಿನ ಮೇಲೆ ಬಿಟ್ಟುಬಿಡಬೇಕು. ಆಮೇಲೆ ಕಣ್ಣು ತೆರೆಯಬೇಕು. ತೆರೆದ ಕ್ಷಣದಲ್ಲಿ ಕಾಣುವುದೇ ನಿಜವಾದ ಒರಗು. ಅರೆಕ್ಷಣ ಬಿಟ್ಟರೆ ಕತ್ತು ತಾನಾಗಿ ಸರಿಹೊಂದಿಸಿಕೊಂಡು ಸುಳ್ಳು ಹೇಳುತ್ತದೆ. ಕಪ್ಪು ಬಳೆ ಕಂಡರೆ ಪಕ್ಕದಲ್ಲಿ ನಿಂತವರು ಸ್ಕೋಪನ್ನು ಹಿಂದೆಮುಂದೆ ಸರಿಸಬೇಕು, ಶೂಟರ್ ತಲೆ ಸರಿಸಬಾರದು. ಅಡ್ಡಗೆರೆ ನೆಟ್ಟಗಿದೆಯೇ ಎಂದು ತಿಳಿಯಲು ದೂರದಲ್ಲಿ ಇಳಿಬಿಟ್ಟ ತೂಗುಗುಂಡಿನ ದಾರ ಸಾಕು.

ಹಿಂದುಮುಂದಿನದು ರಿಂಗಿನಲ್ಲಿ ಬಗೆಹರಿಯುತ್ತದೆ, ಎತ್ತರದ್ದು ಕೋಂಬಿನಲ್ಲಿ. ನೋಟಕ್ಕಾಗಿ ತಲೆ ಎತ್ತಬೇಕಾದರೆ ಕೋಂಬ್ ತಗ್ಗು. ಕೆನ್ನೆಯನ್ನು ಒತ್ತಿ ಹಿಸುಕಿದರಷ್ಟೇ ಚಿತ್ರ ತುಂಬುವುದಾದರೆ ಎತ್ತರ ಹೆಚ್ಚಾಯಿತು. ಎತ್ತರಿಸಲು ಫೋಮ್ ಹಾಳೆಯನ್ನು ಪದರ ಪದರವಾಗಿಟ್ಟು ಟೇಪ್ ಸುತ್ತುವುದು ಅಗ್ಗದ, ಮತ್ತು ಅಳತೆ ಕಂಡುಕೊಳ್ಳುವ ಹಂತದಲ್ಲಿ ಅತ್ಯುತ್ತಮವಾದ ಉಪಾಯ. ಎಷ್ಟು ದಪ್ಪ ಬೇಕೆಂದು ಗೊತ್ತಾದ ಮೇಲೆ ಪಟ್ಟಿಯಿಂದ ಬಿಗಿಯುವ ಚರ್ಮದ ದಿಂಬು ಅಥವಾ ಸ್ಕ್ರೂ ತಿರುಗಿಸಿ ಏರಿಸಿಳಿಸುವ ತುಂಡು ಹಾಕಿಸಬಹುದು. ಇಲ್ಲೊಂದು ತೊಡಕನ್ನು ಹಲವರು ತಡವಾಗಿ ಕಾಣುತ್ತಾರೆ. ಬೋಲ್ಟ್ ರೈಫಲಿನಲ್ಲಿ ಬೋಲ್ಟನ್ನು ಹಿಂದಕ್ಕೆಳೆದಾಗ ಅದರ ಬಾಲ ಸರಿಯಾಗಿ ಕೋಂಬಿನ ಮೂತಿಯ ಮೇಲೆ ಬರುತ್ತದೆ. ಏರಿಸಿದ ತುಂಡು ಬಹಳ ಮುಂದಿದ್ದರೆ ಬೋಲ್ಟ್ ಅದಕ್ಕೆ ಬಡಿದು ನಿಲ್ಲುತ್ತದೆ. ತೋಟಾ ಪೂರ್ತಿ ಹೊರಬರುವುದಿಲ್ಲ, ಒರೆಸಲು ಬೋಲ್ಟನ್ನು ಹೊರತೆಗೆಯಲೂ ಆಗುವುದಿಲ್ಲ. ಆದ್ದರಿಂದಲೇ ಒಳ್ಳೆಯ ಸ್ಟಾಕುಗಳಲ್ಲಿ ತುಂಡಿನ ಮುಂದಿನ ತುದಿಯಲ್ಲಿ ಬೋಲ್ಟಿಗೆ ತೋಡು ಕೊರೆದಿರುತ್ತಾರೆ.

ಕೋವಿ ಒದೆಯುವ ಹೊತ್ತಿನಲ್ಲೂ ಒರಗಿನ ಕೆಲಸವಿದೆ. ಕೆನ್ನೆ ಗಟ್ಟಿಯಾಗಿ ಕೂತಿದ್ದರೆ ಮುಖ ರೈಫಲಿನ ಜೊತೆಗೇ ಹಿಂದೆ ಸರಿಯುತ್ತದೆ. ಸಂದು ಬಿಟ್ಟಿದ್ದರೆ ಸ್ಟಾಕ್ ಮೇಲೆದ್ದು ಕೆನ್ನೆಮೂಳೆಗೆ ಗುದ್ದುತ್ತದೆ. ನೋಟ ಸಿಗಲಿಲ್ಲವೆಂದು ತಲೆಯನ್ನು ಮುಂದೆ ಚಾಚಿದವರ ಹುಬ್ಬಿಗೆ ಹಿಂಗಾಜಿನ ಲೋಹದಂಚು ಬಡಿದು ಅರ್ಧಚಂದ್ರದ ಗಾಯವಾಗುವುದುಂಟು. ಮುಂದಕ್ಕೆ ಇಳಿಯುವ ಮಾಂಟೆ ಕಾರ್ಲೊ ಕೋಂಬ್ ಒದೆತದಲ್ಲಿ ಹಿಂದೆ ಸರಿದಂತೆ ಕೆನ್ನೆಯಿಂದ ದೂರವಾಗುವುದರಿಂದ ಬಲವಾದ ತೋಟಾಗಳ ಬೇಟೆ ರೈಫಲುಗಳಿಗೆ ಹೊಂದುತ್ತದೆ.

ಒಂದು ಭಂಗಿಗೆ ಹೊಂದಿಸಿದ್ದು ಇನ್ನೊಂದಕ್ಕೆ ಪೂರ್ತಿ ಹೊಂದುವುದಿಲ್ಲ. ಮಲಗಿ ಗುರಿಯಿಟ್ಟಾಗ ತಲೆ ಮುಂದೆ ಹೋಗುತ್ತದೆ, ನಿಂತಾಗ ಹಿಂದಕ್ಕೆ ಬರುತ್ತದೆ. ಎಡಗೈ ಶೂಟರಿಗೆ ಬಲಗೈಯವರಿಗೆಂದು ಎಡಬದಿ ಉಬ್ಬಿಸಿದ ಸ್ಟಾಕ್ ನಿರುಪಯುಕ್ತ. ಕನ್ನಡಕದವರು ಅದನ್ನು ಹಾಕಿಕೊಂಡೇ ಹೊಂದಿಸಬೇಕು.

ಸ್ಕೋಪಿಲ್ಲದ ಕಡೆಯೂ ಕೆನ್ನೆಯ ಮಹತ್ವ ಕಡಿಮೆಯಲ್ಲ. ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ ಕಾಣುವ ಹನ್ನೆರಡು ಬೋರಿನ ಕೋವಿಗೆ ಸಾಮಾನ್ಯವಾಗಿ ಹಿಂದಿನ ಸೈಟೇ ಇರುವುದಿಲ್ಲ. ನಳಿಗೆಯ ತುದಿಯ ಮಣಿಗೆ ಕಣ್ಣೇ ಹಿಂದಿನ ಸೈಟು. ಕೆನ್ನೆ ಒಂದು ಸಲ ಎತ್ತರ, ಒಂದು ಸಲ ತಗ್ಗು ಕೂತರೆ ಗುಂಡೂ ಹಾಗೆಯೇ ಹೋಗುತ್ತದೆ. ಒಲಿಂಪಿಕ್ ರೈಫಲ್ ಸ್ಪರ್ಧೆಗಳಲ್ಲಿ ಸ್ಕೋಪಿಗೆ ಅನುಮತಿಯಿಲ್ಲ. ಸಣ್ಣ ರಂಧ್ರದ ಸೈಟಿನಲ್ಲಿ ನೋಡಬೇಕು, 10 ಮೀಟರ್ ಏರ್ ರೈಫಲಿನಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು ಈ ವಿಭಾಗದಲ್ಲಿ. 2024ರ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಲೆ ಕಂಚು ಗೆದ್ದ 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಮಂಡಿಯೂರಿ, ಮಲಗಿ, ನಿಂತು ಗುಂಡು ಹಾರಿಸಬೇಕು. ಭಂಗಿ ಬದಲಾದಾಗಲೆಲ್ಲ ಶೂಟರ್‌ಗಳು ಕೆನ್ನೆಯ ತುಂಡನ್ನೂ ಬದಲಿಸಿಕೊಳ್ಳುತ್ತಾರೆ. ಅಭ್ಯಾಸದಲ್ಲಿ ಕಂಡುಕೊಂಡ ಎತ್ತರ ಸ್ಪರ್ಧೆಯ ದಿನ ತಪ್ಪದಿರಲೆಂದು ಅದರ ಕಂಬದ ಮೇಲೆ ಅಳತೆಯ ಗೀಟುಗಳಿರುತ್ತವೆ.